ಪೂರಾ ಒಂದು ನಿಮಿಷ

ಕಾಕಾನ ಹಿಮ್ಮಡಿಯ ಬಿರುಕುಗಳಲ್ಲಿ ಸಿಮೆಂಟು ಕೂತುಬಿಟ್ಟಿತ್ತು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಶನಿವಾರ ಸಂಜೆ ಕೆಲಸದಿಂದ ಬಂದವನೇ ಚಿಂಬಲ್‌ನ ನಮ್ಮ ಓಣಿಯ ನಳದ ಹತ್ತಿರ ಕೂತು ಆ ಬಿರುಕುಗಳಿಗೆ ಮೇಣ ಕರಗಿಸಿ ತುಂಬುತ್ತಿದ್ದ. ಮರುದಿನ ಅದೇ ಕಾಲಿಗೆ ಬೂಟು, ಮೇಲೆ ಇಸ್ತ್ರಿ ಮಾಡಿದ ಕರೀ ಚಡ್ಡಿ. ವಾರವಿಡೀ ಸಿಮೆಂಟಿನ ಬುಟ್ಟಿ ಹೊತ್ತವನು ಭಾನುವಾರ ಫುಟ್‌ಬಾಲ್ ರೆಫರಿ.

ನನ್ನ ಸ್ವಂತ ಕಾಕಾ ಅಲ್ಲ, ಪಕ್ಕದ ಮನೆಯವನು, ವಿಜಯಪುರದ ಕಡೆಯವನು. ನನ್ನನ್ನೂ ರೆಫರಿ ಮಾಡಿದವನು ಅವನೇ. ಹೆಣ್ಣುಹುಡುಗಿ ಚಡ್ಡಿ ಹಾಕಿ ಓಡುವುದೇ ಎಂದು ಅವ್ವ ರೇಗಿದಾಗ, "ವೈನಿ, ಓಡಾಕ ಕಾಲು ಇದ್ರ ಸಾಕ್ರಿ" ಅಂದಿದ್ದ. ನನಗೆ ಅವನು ಕಲಿಸಿದ್ದು ಒಂದೇ ಮಾತು: "ಗಡಿಯಾರ ನೋಡು ತಂಗಿ, ಮಂದಿ ಮಾರಿ ನೋಡಬ್ಯಾಡ."

ರೆಫರಿಗಳಿಗೆ ವರ್ಷಕ್ಕೊಮ್ಮೆ ಓಟದ ಪರೀಕ್ಷೆ. ಒಂದು ಸೀಟಿಗೆ ಮೈದಾನದ ಸುತ್ತ ಓಟ ಶುರು, ಇನ್ನೊಂದು ಸೀಟಿ ಆಗುವುದರೊಳಗೆ ಬಾವುಟ ಮುಟ್ಟಬೇಕು, ತುಸು ನಡೆದು ಮತ್ತೆ ಓಡಬೇಕು. ತಪ್ಪಿದರೆ ಆ ವರ್ಷ ಮೈದಾನ ಇಲ್ಲ. ಕಾಕಾನಿಗೆ ಅದು ಸಣ್ಣ ಮಾತಲ್ಲ. ಘಟ್ಟದ ಮೇಲಿನಿಂದ ಬಂದವನೆಂದು ವಾರವೆಲ್ಲ "ಏ ಘಾಟಿ" ಎಂದು ಹೀಯಾಳಿಸಿ ಕೂಗುವ ಇಲ್ಲಿನವರು ಭಾನುವಾರ ಮಾತ್ರ "ಸರ್" ಅನ್ನುತ್ತಿದ್ದರು.

ಆ ಮೇ ತಿಂಗಳ ಪರೀಕ್ಷೆ ನೆನೆದರೆ ಇವತ್ತಿಗೂ ನನಗೆ ಹೇಸಿಗೆ. ಬೆಳಗ್ಗೆ ಏಳಕ್ಕೇ ನಮ್ಮನ್ನು ಕರೆಸಿದ್ದರು. ಆದರೆ ತೆಂಗಿನಕಾಯಿ ಒಡೆಯುವ ಅತಿಥಿ ಬರಬೇಕಲ್ಲ, ಓಟಕ್ಕೂ ಉದ್ಘಾಟನೆ. ಆ ಮಹಾರಾಯ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಫುಟ್‌ಬಾಲ್ ಸಂಘದ ದೊಡ್ಡ ಸಾಹೇಬರು ಪೆಂಡಾಲಿನ ನೆರಳಲ್ಲಿ ಹೊಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ಬಟಾಟೆವಡೆ ತಿನ್ನುತ್ತ ನಮ್ಮನ್ನು ಓಡಿಸಿದರು. ಕುರ್ಚಿಯಿಂದ ಏಳಲು ಇನ್ನೊಬ್ಬರ ಕೈ ಬೇಕಾದವರು ನಮ್ಮ ದಮ್ಮು ಅಳೆಯುತ್ತಾರಂತೆ. ಥೂ.

ನಾನು ಓಡಿ ಪಾಸಾಗಿದ್ದೆ. ಕಾಕಾನ ಜೊತೆ ಓಡಿದವರಲ್ಲಿ ಸಾಹೇಬರ ಭಾವಮೈದುನನೂ ಇದ್ದ. ಅವನು ಮೂಲೆಯ ಬಾವುಟಗಳನ್ನು ಸುತ್ತದೆ ಒಳಗಿಂದಲೇ ಹಾಯ್ದ. ಸಾಹೇಬರು ನೋಡಿದರು, ಬಾಯಿ ಒರೆಸಿಕೊಂಡರು, ಪಾಸು ಮಾಡಿದರು. ಕಡೆಯ ಸುತ್ತಿಗೆ ಕಾಕಾನ ಹಿಮ್ಮಡಿ ಒಡೆಯಿತು, ಕಾಲುಚೀಲ ಕೆಂಪಾಯಿತು. ಅವನು ಬಾವುಟ ಮುಟ್ಟುವ ಮೊದಲೇ ಸೀಟಿ ಆಯಿತು. ಫೇಲು.

ನಾನು ಪೆಂಡಾಲಿಗೇ ನುಗ್ಗಿದೆ. "ಸಾಹೇಬ್ರ, ನಿಮ್ಮ ಭಾವಮೈದುನ ಒಳಗಿಂದ ಓಡಿದ್ದು ಕಾಣಲಿಲ್ಲೇನ್ರಿ?"

ಕಾಕಾ ಕುಂಟುತ್ತ ಬಂದು ನನ್ನ ತೋಳು ಹಿಡಿದ. "ಬಿಡು ತಂಗಿ. ಸೀಟಿ ಆದಮ್ಯಾಲ ನಾ ಮುಟ್ಟಿದ್ದು ಖರೇ ಐತಿ. ಅವ್ರು ಕಳ್ಳರಂತ ನಾನೂ ಸುಳ್ಳ ಹೇಳ್ಲೇನು?"

ಅವನ ಮೇಲೂ ನನಗೆ ಸಿಟ್ಟು ಬಂತು. ಅವನು ತನ್ನ ಕೊರಳಿನ ಸೀಟಿ ತೆಗೆದು ನನ್ನ ಕೈಗಿಟ್ಟ. "ನನ್ನ ಕಡೆ ಇದ್ದು ಏನ್ ಮಾಡೂದೈತಿ. ನೀ ಊದು" ಎಂದ. ಆಮೇಲೆ ಅವನು ಮೈದಾನದ ಕಡೆ ಹಾಯಲಿಲ್ಲ. ಭಾನುವಾರವೂ ಬುಟ್ಟಿ ಹೊರಲು ಹೋಗುತ್ತಿದ್ದ.

ಮರುವರ್ಷ ಮಳೆಗಾಲದಲ್ಲಿ ಕಾಮಾಲೆಯಾಗಿ ಕಾಕಾ ತೀರಿಹೋದ. ಮಳೆ ನಿಂತು ಪಂದ್ಯಗಳು ಶುರುವಾದ ದಿನ ಅದೇ ಸಾಹೇಬ ಮೈಕು ಹಿಡಿದು "ನಮ್ಮ ಹೆಮ್ಮೆಯ ರೆಫರಿ" ಎಂದು ಕಣ್ಣೊರೆಸಿಕೊಂಡ. ಒಂದು ಹನಿಯೂ ಇರಲಿಲ್ಲ. ನಾನು ಬಾಯಿಗೆ ಬಂದ ಉಗುಳು ನುಂಗಿಕೊಂಡೆ. ಆಮೇಲೆ ಒಂದು ನಿಮಿಷದ ಮೌನ. ಆವತ್ತು ರೆಫರಿ ನಾನು, ಮೌನ ಮುಗಿಯುವುದು ನನ್ನ ಸೀಟಿಗೆ. ಉರಿಬಿಸಿಲು. ಅರ್ಧ ನಿಮಿಷಕ್ಕೇ ಸಾಹೇಬ ಬೆವರು ಒರೆಸುತ್ತ, "ಪುರೋ ಗೋ" ಎಂದು ಕೊಂಕಣಿಯಲ್ಲಿ ಪಿಸುಗುಟ್ಟಿದ. ಸಾಕು, ಊದು ಅಂತ.

ಸಂಜೆಯ ತನಕ ಅವನನ್ನು ಅಲ್ಲೇ ನಿಲ್ಲಿಸಿ ಸುಡಿಸಬೇಕು ಅನ್ನಿಸಿತು. ಕಾಕಾನ ಸೀಟಿ ನನ್ನ ಬಾಯಲ್ಲಿತ್ತು, ಕೇಳುವವರು ಯಾರಿದ್ದರು.

ಅವನ ಮಾರಿ ನೋಡಲಿಲ್ಲ. ಗಡಿಯಾರ ನೋಡಿದೆ. ನಿಮಿಷ ಪೂರಾ ಆಯಿತು, ಊದಿದೆ.