ಬಲಗಡೆಯ ಪದಕ

ನಮ್ಮ ಮನೆಯ ಪೂಜೆಯ ಜಗಲಿಯ ಮೇಲಿರುವ ದೇವರುಗಳಲ್ಲಿ ಒಬ್ಬರು ದೇವರಲ್ಲ. ತನ್ವಿ, ಓಂಕಾರ, ಇದನ್ನು ನಿಮಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾಳೆ ನಾನಿಲ್ಲದಾಗ ಯಾರಾದರೂ ತಿಳಿದವರು ಬಂದು, ನಿಮ್ಮಜ್ಜಿ ಇದ್ಯಾವ ದೇವರಿಗೆ ಅರಿಶಿನ ಹಚ್ಚುತ್ತಿದ್ದಳು ಎಂದು ಕೇಳಿದರೆ ನೀವು ಗಾಬರಿಯಾಗಬಾರದು.

ಅದು ನಿಮ್ಮ ಅಜ್ಜನ ಪದಕ. ಎಲ್ಲ ದೇಶಗಳೂ ಕೂಡಿ, ಜಗಳವಿರುವ ನಾಡಿಗೆ ಶಾಂತಿ ಕಾಯಲು ಪಡೆ ಕಳಿಸುತ್ತವಲ್ಲ, ಅದರಲ್ಲಿ ನಿಮ್ಮ ಅಜ್ಜ ನೀಲಿ ಟೋಪಿ ಹಾಕಿಕೊಂಡು ಆಫ್ರಿಕಾಕ್ಕೆ ಹೋಗಿದ್ದರು. ಬರುವಾಗ ಇದನ್ನು ತಂದರು. ತಂದದ್ದನ್ನು ಮೊದಲು ತಾಯಿಯ ಕೈಗೆ ಕೊಡುವುದು ಅವರ ಪದ್ಧತಿ. ನಮ್ಮತ್ತೆಗೆ ಓದು ಬಾರದು. ಕಂಚಿನ ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ನಡುವೆ ಗೆರೆಗಳಲ್ಲಿ ಬಿಡಿಸಿದ ಭೂಮಿ, ಎರಡೂ ಪಕ್ಕ ಎಲೆಗಳ ಕೊಂಬೆ. ಅವರ ಕಣ್ಣಿಗೆ ಭೂಮಿ ದೇವರ ಚಕ್ರ, ಕೊಂಬೆ ಪೂಜೆಯ ಪತ್ರಿ. ಕಣ್ಣಿಗೊತ್ತಿಕೊಂಡು ನೇರವಾಗಿ ಜಗಲಿಗೆ ಏರಿಸಿದರು. ರಿಬ್ಬನ್ನನ್ನು ಮಾತ್ರ, ನೀಲಿ ಬಣ್ಣ ನಮ್ಮ ದೇವರಿಗೆ ಆಗಿಬರುವುದಿಲ್ಲವೆಂದು ಬಿಚ್ಚಿ ಟ್ರಂಕಿಗೆ ಹಾಕಿದರು.

ಜಗಲಿಯ ಮೇಲೆ ಆಗಲೇ ನಮ್ಮ ಟಾಕುಗಳಿದ್ದವು. ಟಾಕು ಎಂದರೆ ದೇವರ ರೂಪವನ್ನು ಒತ್ತಿದ ಸಣ್ಣ ಲೋಹದ ತಗಡು. ಅವುಗಳ ಸಾಲಿನಲ್ಲಿ ಪದಕ ಕೂತರೆ ಹೊಸಬರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಟಾಕುಗಳನ್ನು ನಮ್ಮ ಮನೆದೇವರ ಕ್ಷೇತ್ರ ಜೇಜುರಿಗೆ ಒಯ್ದು ಹೊಳೆಯಲ್ಲಿ ಮೀಯಿಸಿ ತರುವಾಗ ಅದೂ ಹೋಯಿತು, ಮಿಂದಿತು, ಭಂಡಾರದ ಅರಿಶಿನ ಹಚ್ಚಿಸಿಕೊಂಡು ಮನೆಗೆ ಬಂತು. ಹಬ್ಬದ ಮುನ್ನಾದಿನ ನಾನು ಅದನ್ನೂ ಹುಣಸೆಹಣ್ಣು ಹಾಕಿ ತಿಕ್ಕಿದೆ. ಹೀಗೆ ವರ್ಷಗಟ್ಟಲೆ ತಿಕ್ಕಿಸಿಕೊಂಡು ಅದರ ಮೇಲಿನ ಎಷ್ಟೋ ದೇಶಗಳು ಸವೆದುಹೋದವು. ಸಮುದ್ರಗಳಿಗೆ ಏನೂ ಆಗಿಲ್ಲ.

ನಿಮ್ಮ ಅಜ್ಜ ಇದನ್ನೆಲ್ಲ ನೋಡಿಯೂ ಸುಮ್ಮನಿದ್ದರು. ಒಮ್ಮೆ ನಾನೇ ಕೇಳಿದೆ.

"ಅಲ್ರಿ, ಅಲ್ಲಿ ಹೋಗಿ ನೀವು ಮಾಡಿದ್ದಾದ್ರೂ ಏನು?"

"ಎರಡು ಊರ ನಡುವ ನೀರಿನ ಲಾರಿ ನಿಲ್ಲಸ್ಕೊಂಡು ನಿಲ್ಲತಿದ್ದೆ."

"ಮತ್ತ?"

"ಮತ್ತೇನು? ನಾವು ನಿಂತಿದ್ವಿ ಅಂತ ಅವರು ಬಡದಾಡಲಿಲ್ಲ."

"ಬರೇ ನಿಂತಿದ್ದಕ್ಕ ಪದಕ ಕೊಟ್ಟಾರ?"

"ಬಿಸಲಾಗ ನಿಂತಿದ್ದಕ್ಕ," ಎಂದು ಪೇಪರು ಬಿಡಿಸಿದರು.

ಆಗ ನನಗೆ ನಗು ಬಂದಿತ್ತು. ಯುದ್ಧದ ಪದಕವಾದರೆ ಒಂದು ಕಥೆ ಇರುತ್ತದೆ, ಕೇಳಿದವರು ಬಾಯಿ ತೆರೆಯುತ್ತಾರೆ. ಇದು ಏನೂ ಆಗದೆ ಹೋದದ್ದಕ್ಕೆ ಕೊಟ್ಟ ಪದಕ. ಏನೂ ಆಗದ್ದನ್ನು ಯಾರಿಗೆ ಹೇಗೆ ವರ್ಣಿಸುವುದು? ದೊಡ್ಡ ಸಾಹೇಬರಿಗೂ ಲಾರಿ ನಡೆಸುವವನಿಗೂ ಅದೇ ಬಿಲ್ಲೆ. ಬಂದೂಕನ್ನೇ ಮುಟ್ಟದ ಡಾಕ್ಟರು, ನರ್ಸು, ಎಂಜಿನಿಯರುಗಳಿಗೂ ಅದೇ. ಇದನ್ನು ಕೇಳಿ ತನ್ವಿ ಒಮ್ಮೆ ನನ್ನನ್ನು ಹೊಗಳಲು ನೋಡಿದಳು. "ಹಂಗಂದ್ರ ಅಜ್ಜಿ, ನಮ್ಮ ಮನ್ಯಾಗ ಶಾಂತಿ ಕಾಯ್ದಾಕಿ ನೀನು, ನಿನಗೂ ಒಂದು ಕೊಡಬೇಕು." ಕೂಸೇ, ನಿನಗೆ ಗೊತ್ತಿಲ್ಲ. ಈ ಮನೆಯ ಜಗಳಗಳಲ್ಲಿ ಹೆಚ್ಚಿನವು ನಾನೇ ತೆಗೆದದ್ದು. ನಡುವೆ ನಿಲ್ಲುತ್ತಿದ್ದವರು ನಿಮ್ಮ ಅಜ್ಜ. ಅಲ್ಲಿಯೂ ನಿಂತರು, ಇಲ್ಲಿಯೂ ನಿಂತರು.

ಅವರು ತೀರಿಕೊಂಡ ಮೇಲೆ, ಈ ವರ್ಷ ಒಂದು ಫೋನು ಬಂತು. ಅಜ್ಜನ ಜೊತೆಗಿದ್ದ ಸುಬೇದಾರರು, ನಮ್ಮ ಬೆಳಗಾವಿ ಕಡೆಯವರೇ. ಪುಣೆಯಲ್ಲಿರುವ ಶಾಂತಿಪಡೆಯ ಹಳಬರೆಲ್ಲ ಕ್ಯಾಂಪಿನ ಕಡೆ ಒಂದು ಸಭಾಂಗಣದಲ್ಲಿ ಸೇರುತ್ತಾರಂತೆ.

"ಅಕ್ಕಾರ, ನೀವು ಬರಲಿಕ್ಕೇ ಬೇಕು. ಪದಕ ಹಾಕ್ಕೊಂಡು ಬರ್ರಿ. ಗಳಿಸಿದವರು ಎಡಕ್ಕ ಹಾಕತಾರ, ಅವರ ಮನಿಯವರು ಬಲಕ್ಕ."

"ನಾ ಒಂದು ಮೂಲ್ಯಾಗ ಕೂತು ಬರತೇನ್ರಿ."

"ಕೂತರ ಆಗಂಗಿಲ್ರಿ. ಈ ಪದಕದ ಮ್ಯಾಲ ಯಾರ ಹೆಸರೂ ಇರಂಗಿಲ್ಲ ನೋಡ್ರಿ, ಅದಕ್ಕ ಒಬ್ಬೊಬ್ಬರ ಮನಿಯವರು ಎದ್ದು ಹೆಸರು ಹೇಳಬೇಕು ಅಂತ ಮಾಡೇವಿ. ನಾವು ಓದಂಗಿಲ್ಲ. ಮನಿಯವರು ಹೇಳಿದ್ರ ಉಂಟು, ಇಲ್ಲಾಂದ್ರ ಇಲ್ಲ."

ಫೋನಿಟ್ಟ ಮೇಲೆ ನನಗೆ ಅಡುಗೆ ಮಾಡಲು ಮನಸ್ಸಾಗಲಿಲ್ಲ. ಬಲಗಡೆ ಹಾಕುವುದು ದೊಡ್ಡ ಮಾತಲ್ಲ. ಹೆಸರು ಹೇಳುವುದು ಹೇಗೆ? ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲಿ ಹೊಸ್ತಿಲ ಬಳಿ ತಡೆದು ನಿಲ್ಲಿಸಿದಾಗ ಒಡಪು ಕಟ್ಟಿ, ಪ್ರಾಸದ ನಡುವೆ ಅಡಗಿಸಿ ಹೇಳಬಹುದು. ಅದೂ ಮುತ್ತೈದೆಯರ ಆಟ. ಏಳನೆಯ ಇಯತ್ತೆಯವರೆಗೆ ನಾನು ಕಲಿತ ಹಳ್ಳಿಯ ಶಾಲೆಯಲ್ಲಿ ಮಾಸ್ತರು ಹೆಸರು ಕೂಗಿದರೆ ನನ್ನ ಹೆಸರಿಗೇ ನನ್ನ ದನಿ ಹೊರಡುತ್ತಿರಲಿಲ್ಲ. ಸಾಲದ್ದಕ್ಕೆ ನಿಮ್ಮ ಅಜ್ಜನಿಗೆ ನಮ್ಮ ಮನೆದೇವರ ಹೆಸರನ್ನೇ ಇಟ್ಟಿದ್ದರು. ಮದುವೆಯಾದಂದಿನಿಂದ ದೇವರ ಹೆಸರೂ ನನ್ನ ಬಾಯಿಂದ ಹೋಯಿತು. ಪುಣೆಯವರು ಖಂಡೋಬಾ ಎನ್ನುತ್ತಾರೆ, ನಮ್ಮ ಕಡೆಯ ಜನ ಕನ್ನಡದ ಹೆಸರಿನಿಂದ ಕರೆಯುತ್ತಾರೆ, ನಾನೊಬ್ಬಳು ಜೇಜುರಿಯಪ್ಪ ಎನ್ನುತ್ತಿದ್ದೆ. ಕಷ್ಟ ಬಂದಾಗಲೂ ಸುತ್ತು ಹಾಕಿಯೇ ಕರೆಯಬೇಕಿತ್ತು.

ಬರೆಯಬಾರದು ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಮಗಳು ಮುಂದೊಂದು ದಿನ ಬರೆಯಲು ಕೂರುತ್ತಾಳೆಂದು ನಮ್ಮವ್ವನಿಗೆ ಹೊಳೆದಿರಲಾರದು. ಹಾಗಿದ್ದರೂ ನೋಡಿ, ಇಲ್ಲಿಯವರೆಗೆ ಬಂದರೂ ಆ ಹೆಸರು ಈ ಕಾಗದದ ಮೇಲೆ ಬಿದ್ದಿಲ್ಲ.

ತನ್ವಿ ಪುಣೆಯ ಆ ಕಡೆಯ ಮಗರಪಟ್ಟಾದಿಂದ ಬಂದು ನನ್ನ ಚಿಂತೆಯನ್ನು ಒಂದೇ ಮಾತಿನಲ್ಲಿ ಬಗೆಹರಿಸಿದಳು. "ನಾ ಬರತೇನಿ ಅಜ್ಜಿ. ನಾನೇ ಹೇಳತೇನಿ. ನೀ ಬರೇ ನಿಂತಕೋ, ಅಜ್ಜನ ಗತೆ." ಅವಳಿಗೆ ಎಲ್ಲರ ಹೆಸರೂ ಸಲೀಸು, ತಂದೆಯದೂ ಕೂಡ. ಟ್ರಂಕಿನಿಂದ ರಿಬ್ಬನ್ನು ತೆಗೆದು ಇಸ್ತ್ರಿ ಮಾಡಿದಳು. ನಾನು ಜಗಲಿಯ ಮುಂದೆ ನಿಂತು, ಒಂದು ದಿನದ ಮಟ್ಟಿಗೆ ಒಯ್ದು ತರುತ್ತೇನೆ ಎಂದು ಉಳಿದ ದೇವರುಗಳ ಅಪ್ಪಣೆ ಕೇಳಿ, ಅರಿಶಿನ ಒರೆಸಿ ಅವಳ ಕೈಗೆ ಕೊಟ್ಟೆ.

ಯೆರವಡಾದ ನಮ್ಮ ಮನೆಯಿಂದ ರಿಕ್ಷಾದಲ್ಲಿ ಹೋದೆವು. ರವಿಕೆಯ ಬಲಗಡೆಗೆ ಪದಕ ಚುಚ್ಚಿಕೊಂಡಿದ್ದೆ, ನಿಯಮದಂತೆ. ಆದರೆ ನಾನು ತಲೆ ತುಂಬ ಸೆರಗು ಹೊದ್ದು ಬಲಭುಜದ ಮೇಲಿಂದ ಮುಂದಕ್ಕೆ ಎಳೆದುಕೊಳ್ಳುವವಳು. ನನ್ನ ನಿಯಮದಂತೆ ಅದು ಪೂರಾ ಮುಚ್ಚಿಹೋಯಿತು. ಎರಡೂ ಕಡೆಯ ಮರ್ಯಾದೆ ಉಳಿಯಿತೆಂದು ನನಗೆ ಸಮಾಧಾನ.

ಪಕ್ಕದ ಕುರ್ಚಿಯಲ್ಲಿ ನನ್ನ ವಯಸ್ಸಿನ ಒಬ್ಬ ಹೆಂಗಸು. ವಿಜಾಪುರದವರು, ನರ್ಸ್ ಆಗಿದ್ದವರು. ಅವರ ಸೆರಗಿನ ಮೇಲೆ ಪದಕ ಎಡಗಡೆಗಿತ್ತು! ತಪ್ಪಿ ಹಾಕಿಕೊಂಡಿದ್ದಾರೆಂದು ತಿಳಿದು, ಹೇಳಲೋ ಬೇಡವೋ ಎಂದು ನಾನು ಒದ್ದಾಡುತ್ತಿದ್ದೆ.

"ಯಾಕ್ರಿ ಹಂಗ ನೋಡತೀರಿ? ಇದು ನಂದೇ ಅದ," ಎಂದರು ಅವರೇ. "ನಾನೇ ಹೋಗಿದ್ದೆ. ದವಾಖಾನಿ ತಂಬುವಿನ್ಯಾಗ ಇದ್ದೆ. ನಿಮ್ಮದೆಲ್ಲಿ?"

"ಒಳಗದ್ರಿ."

"ಒಳಗಂದ್ರ?"

"ಸೆರಗಿನ ಒಳಗ."

ಆಕೆ ನಕ್ಕುಬಿಟ್ಟರು. "ಅಯ್ಯ ನಮ್ಮವ್ವ! ಪದಕಕ್ಕ ಪರದೆ ಹಾಕೀರಿ?"

ಒಬ್ಬೊಬ್ಬರಾಗಿ ಎದ್ದು ಹೆಸರು ಹೇಳುತ್ತ ಬಂದರು. ಮರಾಠಿಯಲ್ಲಿ, ಹಿಂದಿಯಲ್ಲಿ. ನನಗಿಂತ ಹಳ್ಳಿಯವಳೆನಿಸಿದ ಒಬ್ಬ ಮುದುಕಿ ಎದ್ದು, ತುಟಿ ಅಲುಗಿಸಿ, ಮೊಮ್ಮಗನ ಮುಖ ನೋಡಿದಳು. ಅವನು ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಸರು ಬಂತು, ಅವಳು ಕೂತಳು. ಅದರಲ್ಲಿ ತಪ್ಪೇನಿದೆ? ಏನೂ ಇಲ್ಲ. ಆದರೆ ಕೂತ ಮೇಲೂ ಆಕೆಯ ತುಟಿ ಅಲುಗುತ್ತಲೇ ಇತ್ತು. ನಾನು ಅದನ್ನು ನೋಡದಿದ್ದರೆ ಚೆನ್ನಾಗಿತ್ತು.

ಮುಂದೆ ನರ್ಸಮ್ಮ ಎದ್ದು ತನ್ನ ಹೆಸರನ್ನು ತಾನೇ, ಅಂಗಡಿಯಲ್ಲಿ ಸಕ್ಕರೆ ಕೇಳಿದಷ್ಟು ಸಲೀಸಾಗಿ ಹೇಳಿ ಮೈಕನ್ನು ನನ್ನ ಕಡೆ ಚಾಚಿದರು. ತನ್ವಿ ಅರ್ಧ ಎದ್ದಿದ್ದಳು. ನಾನು ಅವಳ ಹೆಗಲು ಅದುಮಿ ಕೂಡಿಸಿದೆ. ಯಾಕೆ ಎಂದು ಕೇಳಬೇಡಿ, ಕೈ ಅದುಮಿತು. ಮೈಕು ಹಿಡಿಯಲು ಬಲಗೈ ಎತ್ತಿದ್ದಕ್ಕೆ ಸೆರಗು ಜಾರಿತು. ಹುಣಸೆಹಣ್ಣಿನಿಂದ ತಿಕ್ಕಿದ ಪದಕ ಮದುವೆಮನೆಯ ಕೊಡದಂತೆ ಝಗ್ಗೆಂದಿತು. ಬೇರೆಯವರವೆಲ್ಲ ಮಾಸಿ ಕಂದಾಗಿದ್ದವು. ಸಭೆಯೆಲ್ಲ ನನ್ನನ್ನೇ ನೋಡುತ್ತಿತ್ತು. ಹೆಸರು ಗಂಟಲಿಗೆ ಬಂದು ನಿಂತಿತು, ಹೊರಗೆ ಬರಲು ಅದಕ್ಕೆ ದಾರಿ ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ ದಾರಿ. ನನ್ನ ಬಾಯಿ ಆ ದಾರಿ ಹಿಡಿಯಿತು:

"ಹಿತ್ತಲದಾಗ ಹಬ್ಬೇತಿ ಹೀರಿಯ ಬಳ್ಳಿ,
ಮಲ್ಲಪ್ಪನ ಹೆಸರ ಹೇಳತೇನಿ, ಸುಮ್ಮಕ ಕೂತ ಕೇಳ್ರಿ!"

ಕರ್ನಲ್ಲರು, ಮೇಜರರು ಸುಮ್ಮನೆ ಕೂತು ಕೇಳಿದರು. ಅವರಿಗೆ ಕನ್ನಡ ಬಾರದು, ಆದರೆ ಹುಕುಂ ಎಂದು ತಿಳಿದಿರಬೇಕು. ಮೊದಲು ನಕ್ಕವರು ನರ್ಸಮ್ಮ. ಆಮೇಲೆ ಹಿಂದಿನ ಸಾಲಿನಿಂದ ಸುಬೇದಾರರು, "ಶಾಬಾಶ್ ಅಕ್ಕಾರ! ಇನ್ನೊಮ್ಮೆ!" ಎಂದು ಕೂಗಿದರು. ಇನ್ನೊಮ್ಮೆ ಹೇಳಲು ನಾನೇನು ಮದುಮಗಳೇ? ಕೂತೆ. ಗಂಡನಿಲ್ಲದವಳು ಒಡಪು ಹೇಳಬಾರದೆಂದು ನೆನಪಾದದ್ದು ಕೂತ ಮೇಲೆ. ಆಗ ಅದಕ್ಕೆ ಮಾಡುವಂಥದ್ದೇನೂ ಉಳಿದಿರಲಿಲ್ಲ. ತನ್ವಿ ಸೆರಗು ಸರಿಪಡಿಸಲು ಬಂದಳು, ಇರಲಿ ಬಿಡು ಎಂದೆ.

ಮರುದಿನ ಬೆಳಿಗ್ಗೆ ರಿಬ್ಬನ್ನು ಬಿಚ್ಚಿ ಪದಕವನ್ನು ಮತ್ತೆ ಜಗಲಿಗೆ ಏರಿಸಿದೆ. ನನ್ನ ನಂತರ ಅದು ಅಲ್ಲಿರಬೇಕೋ, ನಿಮ್ಮ ಗಾಜಿನ ಕಪಾಟಿನಲ್ಲಿರಬೇಕೋ ನೀವು ನೋಡಿಕೊಳ್ಳಿ. ಅದರ ಮೇಲೆ ಹೆಸರಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಯಾರದೆಂದು ಕೇಳಿದರೆ ಬಾಯಿಬಿಟ್ಟು ಹೇಳಬೇಕಾಗುತ್ತದೆ.

ದೀಪ ಹಚ್ಚಿ ಕೈಮುಗಿದು ಎಂದಿನಂತೆ ಜೇಜುರಿಯಪ್ಪಾ ಎನ್ನಲು ಹೋದವಳು ತಡೆದೆ. ಹೇಗೂ ಇಡೀ ಪುಣೆಗೆ ಕೇಳುವಂತೆ ಹೇಳಿಯಾಗಿತ್ತು. "ಮಲ್ಲಯ್ಯಾ," ಎಂದೆ. ದೇವರು ತಿರುಗಿ ನೋಡಿದಂತೆ ಕಾಣಲಿಲ್ಲ. ಇಷ್ಟು ವರ್ಷ ಬೇರೆ ಹೆಸರಿನಿಂದ ಕರೆಸಿಕೊಂಡವನು, ಅವನಿಗೂ ರೂಢಿಯಾಗಲು ಸ್ವಲ್ಪ ದಿನ ಬೇಕು.