ಬೈಕುಲ್ಲಾ ಚಾಳಿನ ಬೆಲ್ಲ-ನೀರು

ದೆವ್ವ, ಶಕುನ, ಪವಾಡ ಎಂದು ಯಾರಾದರೂ ಬಾಯಿ ತೆರೆದರೆ ಮೊದಲು ನಗುತ್ತಿದ್ದವಳು ನಾನೇ. ಧಾರವಾಡದಿಂದ ಮುಂಬಯಿಗೆ ಬಂದು ನರ್ಸ್ ಆದವಳು. ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು ಬಿಟ್ಟರೆ ಬೇರೇನನ್ನೂ ನಂಬಿದವಳಲ್ಲ. ಈಗಲೂ ಅಷ್ಟೇ, ಒಂದು ಸೋಮವಾರವನ್ನು ಬಿಟ್ಟು.

ಐವತ್ತರ ದಶಕದ ಮಾತು. ಸಕ್ಕರೆ ಕಾಯಿಲೆಯಿದ್ದ ಬಸುರಿಯರ ಮನೆಗಳಿಗೆ ಹೋಗಿ, ಮೂತ್ರ ಪರೀಕ್ಷಿಸಿ, ಪಥ್ಯ ಹೇಳಿಕೊಡುವುದು ನನ್ನ ಕೆಲಸ. ಬೈಕುಲ್ಲಾದಲ್ಲಿ ಒಂದೊಂದು ಕೋಣೆಯ ಮನೆಗಳು ಸಾಲಾಗಿದ್ದ ಒಂದು ಚಾಳಿನಲ್ಲಿ, ಮೂರನೇ ಮಾಳಿಗೆಯಲ್ಲಿ ಗಿರಿಜೆ ಇದ್ದಳು. ಉಡುಪಿ ಕಡೆಯವಳು. ಗಂಡ ಹೋಟೆಲಿನಲ್ಲಿ ದೋಸೆ ಹುಯ್ಯುವವನು. ಎರಡು ಮಕ್ಕಳು ಹೊಟ್ಟೆಯಲ್ಲೇ ಹೋಗಿದ್ದವು. ಇದಾದರೂ ಉಳಿಯಲಿ ಎಂದು ಅವಳಿಗೆಷ್ಟು ಆಸೆಯೋ ನನಗೂ ಅಷ್ಟೇ. ಆ ಹುಡುಗಿಯೆಂದರೆ ನನಗೆ ಪ್ರಾಣ.

ಮೊದಲ ದಿನವೇ ಅವಳು ತಮ್ಮ ಕಡೆಯ ಪದ್ಧತಿಯಂತೆ ಬೆಲ್ಲದ ತುಂಡು, ಲೋಟದಲ್ಲಿ ನೀರು ತಂದಿಟ್ಟಳು. ನಾನು ಗದರಿದೆ.

"ಇನ್ನ ಮ್ಯಾಲೆ ಬೆಲ್ಲ ಈ ಮನಿ ಹೊಸ್ತಿಲಾ ದಾಟಬಾರದು ನೋಡು."

"ಬಂದವರಿಗೆ ಬರೀ ನೀರು ಕೊಡುದು ಹೇಗೆ ಅಕ್ಕ? ಮನಸ್ಸೇ ಬರುದಿಲ್ಲ."

ಆದರೂ ಹೇಳಿದಂತೆ ಕೇಳಿದಳು. ಕೇಳಿದ್ದು ಸ್ವಲ್ಪ ಹೆಚ್ಚೇ ಆಯಿತು. ಇನ್ಸುಲಿನ್ ಚುಚ್ಚಿದ ಮೇಲೆ ರಕ್ತದ ಸಕ್ಕರೆ ತೀರಾ ಇಳಿದು ಕೈಕಾಲು ನಡುಗಿದರೆ ಬಾಯಿಗೆ ಹಾಕಿಕೊಳ್ಳಲೆಂದು ನಾನೇ ಇಡಿಸಿದ್ದ ಸಕ್ಕರೆಯನ್ನೂ, ಮಗುವಿಗೆ ಕೇಡಾದೀತೆಂದು ಹೆದರಿ ನೆರೆಮನೆಗೆ ಕೊಟ್ಟುಬಿಟ್ಟಿದ್ದಳು. ಅದು ನನಗೆ ಗೊತ್ತಾದದ್ದು ಆಮೇಲೆ.

ಆ ಸೋಮವಾರ ಬಿಸಿಲೇರಿದ ಹೊತ್ತು. ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದೆ. ಗಿರಿಜೆಯ ಬಾಗಿಲ ಪಕ್ಕ ಗೋಡೆಗೆ ಒರಗಿ ಒಬ್ಬ ಅಜ್ಜಿ ಕೂತಿದ್ದರು. ಮಾಸಿದ ಹಸಿರು ಸೀರೆ. ಊರಿನಿಂದ ಬಂದ ನೆಂಟರಿರಬೇಕು ಎಂದುಕೊಂಡೆ. ಲೋಟ ಮುಂದೆ ಮಾಡಿದರು, ಜೊತೆಗೆ ಒಂದು ಉಂಡೆ ಬೆಲ್ಲ.

"ನೀರು ಕುಡಿ ಮಗಾ."

ಕುಡಿದೆ. ಬೆಲ್ಲ ಕಂಡು ಮಾತ್ರ ನನಗೆ ಸಿಟ್ಟು ನೆತ್ತಿಗೇರಿತು. ಬೇಡವೆಂದೆ.

"ಬಿಟ್ಟು ಹೋಗ್ಬೇಡ. ಒಳಗೆ ತಕ್ಕೊಂಡು ಹೋಗು."

ಹಿರಿಯರೊಡನೆ ಏನು ವಾದ ಎಂದು ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಗಿರಿಜೆಗೆ ಸರಿಯಾಗಿ ಬೈಯಬೇಕೆಂದೇ ಒಳಗೆ ಹೋದೆ.

ಗಿರಿಜೆ ನೆಲದ ಮೇಲೆ ಬಿದ್ದಿದ್ದಳು. ಮೈಯೆಲ್ಲ ತಣ್ಣನೆಯ ಬೆವರು, ತೊದಲು ಮಾತು. ಇಂಥ ಹೊತ್ತಿನಲ್ಲಿ ಬೇಗ ಸಿಹಿ ಹೊಟ್ಟೆಗೆ ಹೋಗದಿದ್ದರೆ ತಾಯಿಯೂ ಇಲ್ಲ, ಮಗುವೂ ಇಲ್ಲ. ಡಬ್ಬಿಗಳನ್ನೆಲ್ಲ ತಡಕಾಡಿದೆ, ಸಕ್ಕರೆಯಿಲ್ಲ. ಆಗ ಕೈಯಲ್ಲಿದ್ದ ಗಂಟಿನ ನೆನಪಾಯಿತು. ಬೆಲ್ಲ ಕರಗಿಸಿ ತೊಟ್ಟುತೊಟ್ಟಾಗಿ ಕುಡಿಸಿದೆ. ನಿಧಾನವಾಗಿ ಕಣ್ಣು ಬಿಟ್ಟಳು.

"ಮುಂಜಾನೆ ಏನ್ ತಿಂದೀ?"

"ಇವತ್ತು ಉಪವಾಸ ಅಕ್ಕ. ಮಗು ಉಳೀಲಿ ಅಂತ ಹರಕೆ ಹೇಳಿದ್ದೆ."

ಗಂಡ ಎಂದಿನಂತೆ ಸೂಜಿ ಚುಚ್ಚಿ ಕೆಲಸಕ್ಕೆ ಹೋಗಿದ್ದ. ಉಪವಾಸದ ವಿಷಯ ಅವನಿಗೂ ಹೇಳಿರಲಿಲ್ಲ. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತುಬಿಟ್ಟೆ.

ಹೊರಗೆ ಬಂದು ನೋಡಿದರೆ ಅಜ್ಜಿ ಇರಲಿಲ್ಲ. ಮನೆಗೆ ಯಾವ ನೆಂಟರೂ ಬಂದಿರಲಿಲ್ಲ. ಆ ಮಾಳಿಗೆಯವರೆಲ್ಲ ಗಿರಣಿಯಲ್ಲಿ ದುಡಿಯುವ ಮರಾಠಿಗರು, ಕನ್ನಡದ ಮನೆ ಇದೊಂದೇ. ಅಂಥ ಮುದುಕಿಯನ್ನು ಅವರಾರೂ ಕಂಡಿರಲಿಲ್ಲ. ಗಿರಿಜೆಯ ತಾಯಿ ಊರಿನಲ್ಲಿ ಗಟ್ಟಿಮುಟ್ಟಾಗಿದ್ದರು. ತೀರಿಹೋದ ಅತ್ತೆಯ ಫೋಟೊ ತೋರಿಸಿದಳು, ಆ ಮುಖವಲ್ಲ. ಬಿಸಿಲಿಗೆ ನನಗೇ ಭ್ರಮೆಯಾಯಿತು ಎನ್ನೋಣವೆಂದರೆ, ಭ್ರಮೆಯ ಬೆಲ್ಲ ನೀರಿನಲ್ಲಿ ಕರಗುತ್ತದೆಯೇ? ಎಷ್ಟು ಯೋಚಿಸಿದರೂ ನನಗೆ ಅರ್ಥವಾಗಿಲ್ಲ.

ಹೆಣ್ಣುಮಗು ಹುಟ್ಟಿತು. ಅವರು ಈಗ ಮುಂಬಯಿಯದೇ ಮುಲುಂಡಿನಲ್ಲಿದ್ದಾರೆ. ನಾನು ಹೋದರೆ ಆ ಮಗಳೇ ಬೆಲ್ಲ-ನೀರು ತಂದಿಡುತ್ತಾಳೆ. ನೀರು ಕುಡಿಯುತ್ತೇನೆ. ಬೆಲ್ಲವನ್ನು ಮಾತ್ರ ಕರವಸ್ತ್ರದಲ್ಲಿ ಕಟ್ಟಿಕೊಳ್ಳುತ್ತೇನೆ. ಮುಂದೆ ಯಾವ ಮನೆಯಲ್ಲಿ ಯಾರಿಗೆ ಬೇಕಾದೀತೋ.