ಹೊಸ ಟೈರಿನ ಮೊದಲ ನೂರು ಕಿಲೋಮೀಟರು

ಅವನನ್ನು ಎಲ್ಲರೂ ಗಾಳಿ ಮೇಷ್ಟ್ರು ಅನ್ನುತ್ತಿದ್ದರು. ಟೈರು ಅಂಗಡಿ ಇಟ್ಟವನಿಗೆ ಮೇಷ್ಟ್ರು ಅನ್ನುವ ಪಟ್ಟ ಸುಮ್ಮನೆ ಸಿಕ್ಕಿದ್ದಲ್ಲ. ಚಕ್ರಕ್ಕೆ ಗಾಳಿ ತುಂಬುವ ಎರಡು ನಿಮಿಷದಲ್ಲಿ ಒಂದು ಪಾಠ ಮುಗಿಸುತ್ತಿದ್ದ. ಸವೆದ ಟೈರಿನ ಸ್ಕೂಟರು ಕಂಡರೆ ಸಾಕು, ಮನೇಲಿ ಹೆಂಡತಿ ಮಕ್ಕಳು ಇದ್ದಾರೋ ಇಲ್ಲವೋ ಎಂದು ಗದರುವನು. ಹೊಸ ಟೈರು ಹಾಕಿಸಿಕೊಂಡವರಿಗೆ ಒಂದೇ ಮಂತ್ರ: ಹೊಸ ರಬ್ಬರಿನ ಮೇಲೆ ಜಿಡ್ಡಿರುತ್ತೆ, ಮೊದಲ ನೂರು ಕಿಲೋಮೀಟರು ಹಿಡಿತ ಸಾಲಲ್ಲ, ಮೆಲ್ಲಗೆ ಹೋಗಿ. ಮೂವತ್ತು ವರ್ಷದಲ್ಲಿ ಈ ಮಾತು ಹೇಳದೆ ಒಂದು ಗಾಡಿಯನ್ನೂ ಹೊರಗೆ ಬಿಟ್ಟವನಲ್ಲ. ಒಳ್ಳೆಯವನೇ, ಯಾರು ಅಲ್ಲ ಅಂದರು? ಆದರೆ ಒಂದು ಹುಳುಕಿತ್ತು. ಸ್ಪೋರ್ಟ್ಸ್ ಕಾರು ಬಂದು ನಿಂತರೆ ಮನುಷ್ಯ ಕರಗಿ ನೀರಾಗಿಬಿಡುತ್ತಿದ್ದ.

ಅದೇ ಬೀದಿಯ ಕೊನೆಯ ತಿರುವಿನಲ್ಲಿ, ಫುಟ್‌ಪಾತಿನ ಮೇಲೆ ಕೊಡೆ ರಿಪೇರಿಯವನು ಕೂರುತ್ತಿದ್ದ. ಮುರಿದ ಕಡ್ಡಿ, ತಂತಿ, ಸೂಜಿ, ಕೂರಲು ಒಂದು ಮಣೆ, ಇಷ್ಟೇ ಅವನ ಆಸ್ತಿ. ಇಬ್ಬರದೂ ಇಪ್ಪತ್ತು ವರ್ಷದ ಸ್ನೇಹ. ಒಂದು ಟೀಯನ್ನು ಎರಡು ಲೋಟಕ್ಕೆ ಹಂಚಿಕೊಂಡು, ಒಬ್ಬರನ್ನೊಬ್ಬರು ಬಾಯ್ತುಂಬ ಬೈದುಕೊಳ್ಳದೆ ಇಬ್ಬರಿಗೂ ದಿನ ಶುರುವಾಗುತ್ತಿರಲಿಲ್ಲ. ಕೊಡೆಯವನ ಹೆಂಡತಿ ತೀರಿಕೊಂಡ ಮೇಲೆ ಅವನ ಒಬ್ಬಳೇ ಮಗಳು ಅರ್ಧ ಬೆಳೆದದ್ದು ಮೇಷ್ಟ್ರ ಮನೆಯಲ್ಲೇ. ಈಗ ಅವಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಮೇಷ್ಟ್ರಿಗೆ ಮಕ್ಕಳಿಲ್ಲ. ಆ ಹುಡುಗಿ ಬಾಯ್ತುಂಬ ದೊಡ್ಡಪ್ಪ ಅಂದರೆ ಅವನಿಗೆ ಅವತ್ತು ಊಟವೂ ಬೇಡ.

ಹಲ್ಲಿನ ಡಾಕ್ಟರೊಬ್ಬರ ಹಳದಿ ಸ್ಪೋರ್ಟ್ಸ್ ಕಾರು ವರ್ಷಕ್ಕೊಮ್ಮೆ ಅಂಗಡಿಗೆ ಬರುತ್ತಿತ್ತು. ಡಾಕ್ಟರು ಪುಂಡರಲ್ಲ. ಸಿಗ್ನಲ್ಲಿಗೆ ನಿಲ್ಲುವವರು, ಮೇಷ್ಟ್ರನ್ನು ಬಹುವಚನದಲ್ಲಿ ಮಾತಾಡಿಸುವವರು. ಚಳಿಗಾಲದ ಒಂದು ಬೆಳಿಗ್ಗೆ ನಾಲ್ಕೂ ಟೈರು ಹೊಸದು ಹಾಕಿಸಿದರು. ಮೇಷ್ಟ್ರು ಮಂತ್ರ ಹೇಳಿದ. ನೂರು ಕಿಲೋಮೀಟರಾ, ಇವತ್ತೇ ಇದರ ರುಚಿ ನೋಡಬೇಕಿತ್ತಲ್ಲ ಎಂದು ಡಾಕ್ಟರು ಮುಖ ಸಣ್ಣ ಮಾಡಿದರು. ಅಯ್ಯೋ, ಅಲ್ಲಿಗೆ ಸುಮ್ಮನಾಗಿದ್ದರೆ ಆಗುತ್ತಿತ್ತು. ದೊಡ್ಡವರನ್ನು ಅಟ್ಟಕ್ಕೇರಿಸುವ ಚಪಲ ನೋಡಿ, ಸುಮ್ಮನಿರಲು ಬಿಡಲಿಲ್ಲ. "ರೇಸಿನವರು ಎಡಕ್ಕೆ ಬಲಕ್ಕೆ ಹೊಯ್ದಾಡಿಸಿ ಟೈರು ಬಿಸಿ ಮಾಡ್ಕೋತಾರೆ ಡಾಕ್ಟ್ರೇ. ನಿಮ್ಮ ಕೈಗೇನು ಅದು ಬರಲ್ವಾ?" ಅಂದ.

ಡಾಕ್ಟರು ನಕ್ಕು ಹೊರಟರು. ಬೀದಿ ಖಾಲಿ ಇತ್ತು. ಕಾರು ಎಡಕ್ಕೆ ಬಳುಕಿತು, ಬಲಕ್ಕೆ ಬಳುಕಿತು. ಮೂರನೇ ಸಲ ಹಿಂದಿನ ಚಕ್ರ ಜಾರಿ, ಕಾರು ಅಡ್ಡ ತಿರುಗಿಕೊಂಡೇ ತಿರುವಿನ ಫುಟ್‌ಪಾತು ಹತ್ತಿತು. ಮೇಷ್ಟ್ರು ಓಡಿ ಹೋಗಿ ಮುಟ್ಟುವಷ್ಟರಲ್ಲಿ ಕೊಡೆಯವನ ಉಸಿರು ನಿಂತಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ರಸ್ತೆಯನ್ನು ಆಟದ ಬಯಲು ಮಾಡಿಕೊಂಡರೆ ಇನ್ನೇನಾಗುತ್ತೆ?

ಪೊಲೀಸರು ಕೇಳಿದಾಗ ಮೇಷ್ಟ್ರು, ಕಾರು ಜಾರಿದ್ದಷ್ಟೇ ಕಂಡೆ ಎಂದ. ಹುಡುಗಿ ಅವನ ಭುಜಕ್ಕೆ ತಲೆಯಿಟ್ಟು ಅತ್ತಳು. ನನಗಿನ್ನು ನೀವೇ ದಿಕ್ಕು ದೊಡ್ಡಪ್ಪ ಅಂದಳು. ಎಂಟು ದಿನ ಅವನಿಗೆ ಅನ್ನ ಇಳಿಯಲಿಲ್ಲ.

ಒಂಬತ್ತನೇ ದಿನ ಡಾಕ್ಟರ ವಕೀಲರು ಅಂಗಡಿಗೆ ಬಂದರು. ಟೈರು ತಯಾರಾಗುವಾಗಲೇ ದೋಷವಿತ್ತು, ಅದಕ್ಕೇ ಜಾರಿತು ಎಂದು ಮೇಷ್ಟ್ರು ಬರೆದುಕೊಟ್ಟರೆ ಸಾಕು ಅಂದರು. ಅನುಭವಸ್ಥರ ಮಾತಿಗೆ ಬೆಲೆಯಿದೆ. ಡಾಕ್ಟರೂ ಉಳಿಯುತ್ತಾರೆ, ಅಂಗಡಿಯ ಹೆಸರೂ ಉಳಿಯುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಷ್ಟೇ. ಅವತ್ತು ಬೆಳಿಗ್ಗೆ ಆಡಿದ ಆ ಒಂದು ಮಾತು ಇಬ್ಬರ ನಡುವೆಯೇ ಇರಲಿ ಎಂದು ಡಾಕ್ಟರು ಹೇಳಿಕಳಿಸಿದ್ದಾರೆ, ಎಂದೂ ತಣ್ಣಗೆ ಸೇರಿಸಿದರು.

ಮೇಷ್ಟ್ರು ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದ. ಅವಳು ಒಲೆ ಆರಿಸಿ ಬಂದು ಎದುರು ಕೂತಳು. ಆಮೇಲೆ, ಬರೆದುಕೊಡಬೇಡಿ, ಆದರೆ ಆ ಮಗುವಿಗೂ ಹೇಳಬೇಡಿ ಅಂದಳು. ಅಪ್ಪನನ್ನು ಕಳಕೊಂಡಿದ್ದಾಳೆ, ನಿಮ್ಮನ್ನೂ ಕಳಕೊಳ್ಳಬೇಕಾ ಎಂದು ಕೇಳಿದಳು. ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆನೇನೋ. ಆದರೆ ಟೈರನ್ನು ಕಣ್ಣಾರೆ ನೋಡಿ, ಕೈಯಾರೆ ಹಾಕಿದ್ದವನು ಅವನು. ಅದರಲ್ಲಿ ಕೂದಲೆಳೆಯಷ್ಟೂ ದೋಷವಿರಲಿಲ್ಲ. ಸುಮ್ಮನಿದ್ದರೆ ವಕೀಲರು ಇನ್ನೊಬ್ಬ ಅನುಭವಸ್ಥನನ್ನು ಹುಡುಕುತ್ತಾರೆ ಅನ್ನುವುದೂ ಅವನಿಗೆ ಗೊತ್ತಿತ್ತು.

ಮಾರನೇ ದಿನ ಠಾಣೆಗೆ ಹೋಗಿ ಎಲ್ಲವನ್ನೂ ಬರೆಸಿ ಸಹಿ ಹಾಕಿದ. ಅಲ್ಲಿಂದ ನೇರ ಕೊಡೆಯವನ ಮನೆಗೆ ಬಂದ. ಒಂದೇ ಕೋಣೆಯ ಮನೆ. ಹುಡುಗಿ ಕೆಲಸದಿಂದ ಆಗಷ್ಟೇ ಬಂದು ಬಟ್ಟೆ ಮಡಿಸುತ್ತಿದ್ದಳು. ಅವನು ಕೂರದೆ, ಬಾಗಿಲಲ್ಲೇ ನಿಂತು, ಕಾರು ಹಾಗೆ ಹೊಯ್ದಾಡಿಸೋಕೆ ಡಾಕ್ಟರಿಗೆ ಹೇಳಿಕೊಟ್ಟವನು ನಾನೇ ಕಣಮ್ಮ ಅಂದ. ಒಂದು ಮಾತೂ ಬಿಡದೆ, ಆಡಿದ್ದನ್ನು ಆಡಿದ ಹಾಗೇ ಒಪ್ಪಿಸಿದ.

ಅವಳ ಕೈ ನಿಂತಿತು. "ಆಗ ಅಪ್ಪ ಏನು ಮಾಡ್ತಿದ್ದ?" ಎಂದು ಕೇಳಿದಳು.

"ಎದ್ದು ನಿಂತು ನೋಡ್ತಿದ್ದ. ಕಾರು ಬಳುಕೋದು ಕಂಡು ನನ್ನ ಕಡೆ ಕೈ ಬೀಸಿದ. ನಾನೂ ಬೀಸಿದೆ. ಪಕ್ಕಕ್ಕೆ ಸರಿಯೋ ಅಂತ ಕೂಗಬೇಕು ಅಂತ ನನಗೆ ಹೊಳೀಲೇ ಇಲ್ಲ."

ಅವಳು ಅಳಲಿಲ್ಲ. ಕೈಲಿದ್ದುದು ಅಪ್ಪನ ಅಂಗಿ. ಅದನ್ನು ಪೂರ್ತಿ ಮಡಿಸಿ ಕೆಳಗಿಟ್ಟಳು.

"ಇದನ್ನ ಕೋರ್ಟಲ್ಲೂ ಹೀಗೇ ಹೇಳ್ತೀರಾ?"

"ಹೇಳ್ತೀನಿ."

"ಹೇಳಿ. ಆಮೇಲೆ ಈ ಮನೆಗೆ ಬರಬೇಡಿ."

ಏಳು ತಿಂಗಳ ಮೇಲೆ ಕೋರ್ಟಿನಲ್ಲಿ ಸಾಕ್ಷಿ ಹೇಳಲು ಅವನ ಸರದಿ ಬಂತು. ಒಂದಕ್ಷರ ಬಿಡದೆ ಹೇಳಿದ. ಡಾಕ್ಟರು ತಲೆ ತಗ್ಗಿಸಿಕೊಂಡೇ ಕೂತಿದ್ದರು. ಹುಡುಗಿ ಮುಂದಿನ ಬೆಂಚಿನಲ್ಲಿದ್ದಳು, ಮೇಷ್ಟ್ರ ಹೆಂಡತಿ ಅವಳ ಪಕ್ಕದಲ್ಲಿ. ಮುಗಿದ ಮೇಲೆ ಅವರಿಬ್ಬರೂ ಮುಂಬಾಗಿಲಿಂದ ಇಳಿದು ಹೋಗುವುದನ್ನು ನೋಡಿ, ಅವನು ಹಿಂದಿನ ಮೆಟ್ಟಿಲು ಹಿಡಿದ.